ನಮ್ಮ ಮನೆತನದ ರೋಗ ನನಗೂ ಬರುತ್ತಾ, ಮೇಡಂ?

ಮದುವೆ ಸೀಸನ್ ಹತ್ತಿರ ಬಂತು ಅಂದರೆ ನನಗೆ ಬರುವ ಪತ್ರಗಳೇ ಬೇರೆ. ಮಂಡಿನೋವು, ಆ್ಯಸಿಡಿಟಿ, ಕೂದಲು ಉದುರುವುದು ಎಲ್ಲ ಹಿಂದೆ ಸರಿಯುತ್ತವೆ, ‘ಬೀಗರಿಗೆ ಹೇಳಬೇಕಾ, ಬೇಡ್ವಾ’ ಅನ್ನುವವು ಮುಂದೆ ಬರುತ್ತವೆ. ಈ ಸಲ ಮುಕ್ಕಾಲು ಪಾಲು ಪತ್ರಗಳು ಮನೆತನದ ರೋಗದವೇ, ಆದ್ದರಿಂದ ಉಳಿದವನ್ನೆಲ್ಲ ಮುಂದಿನ ಸಂಚಿಕೆಗೆ ತಳ್ಳಿದ್ದೇನೆ. ಯಾರ ಹೆಸರೂ ಹಾಕಿಲ್ಲ. ಒಬ್ಬಿಬ್ಬರ ಊರನ್ನೂ ಬದಲಿಸಿದ್ದೇನೆ. ನಮ್ಮ ಕಡೆ ಊರು ಗೊತ್ತಾದರೆ ಮನೆ ಗೊತ್ತಾಗಲು ಎಷ್ಟು ಹೊತ್ತು?

ಪ್ರಶ್ನೆ: ನನಗೆ 27 ವರ್ಷ. ನಮ್ಮ ಮುತ್ಯಾನಿಗೆ ಐವತ್ತರ ಹೊತ್ತಿಗೆ ಕೈಕಾಲು ತಾವಾಗಿಯೇ ಕುಣಿಯಲು ಶುರುವಾಗಿ, ಆಮೇಲೆ ಮಾತು ಹೋಗಿ, ಕೊನೆಗೆ ತುತ್ತು ನುಂಗಲೂ ಆಗದೆ ತೀರಿಕೊಂಡರು. ಈಗ ಅಪ್ಪನಿಗೆ 49. ನಡಿಗೆ ತೂರಾಡುತ್ತದೆ, ಸಿಟ್ಟು ಜಾಸ್ತಿ, ಊರಲ್ಲಿ ಕುಡಿದು ಬರ್ತಾನೆ ಅಂತಾರೆ, ಅವರು ಹನಿ ಮುಟ್ಟಿದವರಲ್ಲ. ಮಿರಜಿಗೆ ಕರೆದುಕೊಂಡು ಹೋದಾಗ ಹಂಟಿಂಗ್ಟನ್ ಅಂದರು, ರಕ್ತದ ರಿಪೋರ್ಟಿನಲ್ಲಿ 44 ಅಂತ ಬಂದಿದೆ. ನನಗೆ ಈಗ ಹೆಣ್ಣು ನೋಡುತ್ತಿದ್ದಾರೆ. ಜೀನ್ ಮಾರ್ಕರ್ ಟೆಸ್ಟ್ ಮಾಡಿಸಿದರೆ ಮೊದಲೇ ಗೊತ್ತಾಗುತ್ತದೆ ಅಂತ ಓದಿದೆ. ಮಾರ್ಕರ್ ಅಂದರೆ ಏನು? ನಾನು ಮಾಡಿಸಲಾ?
ಹೆಸರು ಬೇಡ, ಮುಧೋಳ

ಉತ್ತರ: ಮಾರ್ಕರ್ ಅಂದರೆ ಏನು ಅನ್ನುವುದನ್ನು ಮೊದಲು ಮುಗಿಸೋಣ ತಮ್ಮಾ, ಅದು ಸುಲಭ.

ಬನದ ಹುಣ್ಣಿಮೆಗೆ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೋಗಿದ್ದೀಯಾ? ಆ ಗದ್ದಲದಲ್ಲಿ ನಿಮ್ಮ ಕಾಕಾನನ್ನು ಹುಡುಕಬೇಕು ಅಂತ ಇಟ್ಟುಕೋ. ಕಾಕಾ ಗಿಡ್ಡ, ಕಾಣುವುದಿಲ್ಲ. ಆದರೆ ಅವರ ಜೊತೆ ಬಂದ ಎತ್ತರದ ಗೆಳೆಯ ಕೆಂಪು ರುಮಾಲು ಸುತ್ತಿದ್ದಾನೆ, ಅದು ದೂರದಿಂದಲೂ ಕಾಣುತ್ತದೆ. ರುಮಾಲು ಎಲ್ಲಿದೆಯೋ ಕಾಕಾ ಅಲ್ಲೇ ಆಸುಪಾಸು ಇರುತ್ತಾರೆ, ಅಲ್ವಾ? ಆ ರುಮಾಲೇ ಮಾರ್ಕರ್. ಅದು ರೋಗ ತರುವುದಿಲ್ಲ. ರೋಗ ತರುವ ಜೀನಿನ ಪಕ್ಕದಲ್ಲಿ, ಅದೇ ಕ್ರೋಮೋಸೋಮಿನ (ಜೀನುಗಳು ಸಾಲಾಗಿ ಕೂತ ದಾರ ಅಂದುಕೋ) ಮೇಲೆ ಕೂತು, ಅದರ ಜೊತೆಗೇ ತಲೆಮಾರು ದಾಟಿ ಬರುವ ಗುರುತು, ಅಷ್ಟೇ. ಇದರಲ್ಲಿ ಎರಡು ತೊಡಕಿವೆ. ಗದ್ದಲದಲ್ಲಿ ಗೆಳೆಯರು ಒಮ್ಮೊಮ್ಮೆ ಅಗಲಿ ಹೋಗುತ್ತಾರೆ. ಅಂಡಾಣು, ವೀರ್ಯಾಣು ತಯಾರಾಗುವಾಗ ಕ್ರೋಮೋಸೋಮಿನ ತುಂಡುಗಳು ಅದಲುಬದಲಾಗುತ್ತವೆ, ಆಗ ರುಮಾಲು ಒಂದು ಕಡೆ ಹೋಗಿ ಕಾಕಾ ಇನ್ನೊಂದು ಕಡೆ ಉಳಿಯಬಹುದು. ಇಬ್ಬರೂ ಮೈಗೆ ಮೈ ತಾಗಿಸಿ ನಡೆಯುತ್ತಿದ್ದರೆ ಅಗಲುವುದು ಅಪರೂಪ. ಎರಡನೆಯದು, ನಿಮ್ಮ ಕಾಕಾನ ಗೆಳೆಯನದು ಕೆಂಪು ರುಮಾಲು, ಪಕ್ಕದ ಮನೆಯ ಕಾಕಾನ ಗೆಳೆಯನದು ಹಳದಿ ಇರಬಹುದು. ಒಂದು ಮನೆತನದಲ್ಲಿ ರೋಗದ ಜೊತೆ ಬರುವ ಗುರುತು ಇನ್ನೊಂದು ಮನೆತನದಲ್ಲಿ ಕೆಲಸಕ್ಕೆ ಬಾರದು. ಅದಕ್ಕೇ ಮಾರ್ಕರ್ ನೋಡಿ ಹೇಳಬೇಕಾದರೆ ಮನೆಯಲ್ಲಿ ರೋಗ ಇದ್ದವರ ರಕ್ತವೂ ಬೇಕು, ಇಲ್ಲದವರದೂ ಬೇಕು.

ಈ ಲೆಕ್ಕ ಮೊದಲು ದೊಡ್ಡದಾಗಿ ಗೆದ್ದದ್ದು ನಿಮ್ಮ ಮನೆಯ ರೋಗದಲ್ಲೇ. ವೆನೆಜುವೆಲಾ ದೇಶದ ಮರಕೈಬೊ ಸರೋವರದ ದಂಡೆಯ ಊರುಗಳಲ್ಲಿ ಹಂಟಿಂಗ್ಟನ್ ಇದ್ದ ದೊಡ್ಡ ದೊಡ್ಡ ಮನೆತನಗಳಿದ್ದವು. ಅಮೆರಿಕದ ನ್ಯಾನ್ಸಿ ವೆಕ್ಸ್‌ಲರ್ ತಮ್ಮ ತಂಡ ಕಟ್ಟಿಕೊಂಡು ವರ್ಷ ವರ್ಷ ಅಲ್ಲಿಗೆ ಹೋಗಿ, ರಕ್ತ ತೆಗೆದು, ಯಾರಿಗೆ ಯಾರು ಏನಾಗಬೇಕು ಅಂತ ಕೇಳಿ ಕೇಳಿ ಬರೆದುಕೊಂಡರು. ಆ ವಂಶಾವಳಿ ಕೊನೆಗೆ 18,000 ಜನರನ್ನೂ ದಾಟಿತು. 1983ರಲ್ಲಿ ಜೇಮ್ಸ್ ಗುಸೆಲ್ಲಾ ಮತ್ತು ಜೊತೆಯವರು 4ನೇ ಕ್ರೋಮೋಸೋಮಿನ ಮೇಲೆ ರುಮಾಲನ್ನು ಕಂಡರು. ಕಾಕಾ ಸಿಕ್ಕಿದ್ದು 1993ರಲ್ಲಿ. ರುಮಾಲಿನ ಪಕ್ಕದಲ್ಲೇ ಇದ್ದವನನ್ನು ಹಿಡಿಯಲು ಹತ್ತು ವರ್ಷ!

ಕಾಕಾ ಸಿಕ್ಕ ಮೇಲೆ ರುಮಾಲು ಯಾಕೆ? ಈಗ ನೇರವಾಗಿ ಆ ಜೀನನ್ನೇ ಅಳೆಯುತ್ತಾರೆ. ಅದರಲ್ಲಿ ಸಿ, ಎ, ಜಿ ಅನ್ನುವ ಮೂರು ಅಕ್ಷರ ಮತ್ತೆ ಮತ್ತೆ ಬರುತ್ತವೆ. 26 ಸಲದವರೆಗೆ ಚಿಂತೆ ಇಲ್ಲ. 27ರಿಂದ 35 ಇದ್ದವರಿಗೆ ರೋಗ ಬರುವುದಿಲ್ಲ, ಮಕ್ಕಳಲ್ಲಿ ಸಂಖ್ಯೆ ಬೆಳೆಯುವ ಸಣ್ಣ ಸಾಧ್ಯತೆ ಉಂಟು. 36ರಿಂದ 39 ಅಂದರೆ ಬರಬಹುದು, ಬರದೆಯೂ ಇರಬಹುದು. 40 ಮುಟ್ಟಿದರೆ, ಆಯುಷ್ಯ ಇದ್ದರೆ, ಬಂದೇ ಬರುತ್ತದೆ. ಅಪ್ಪನ ರಿಪೋರ್ಟಿನ 44 ಅಂದರೆ ಇದೇ. ನಿನಗೆ ಬಂದಿರುವ ಸಾಧ್ಯತೆ ಅರ್ಧಕ್ಕರ್ಧ. ಅಣ್ಣನಿಗೆ ಬಂದಿದ್ದರೆ ನನಗೆ ಬರಲ್ಲ ಅನ್ನುವ ಲೆಕ್ಕ ನಡೆಯುವುದಿಲ್ಲ, ಪ್ರತಿ ಮಗುವಿಗೂ ನಾಣ್ಯ ಹೊಸದಾಗಿ ಚಿಮ್ಮುತ್ತದೆ.

ಈಗ ಮಾಡಿಸಬೇಕಾ ಅನ್ನುವುದು. ಇಲ್ಲಿ ನಾನು ಹೌದು ಅನ್ನಲ್ಲ, ಬೇಡ ಅಂತಲೂ ಅನ್ನಲ್ಲ. ಈ ರೋಗವನ್ನು ತಡೆಯುವ ಔಷಧಿ ಇವತ್ತಿಗೂ ಇಲ್ಲ. ಕುಣಿತ ಕಡಿಮೆ ಮಾಡುವ, ಮನಸ್ಸು ಹಿಡಿತಕ್ಕೆ ತರುವ ಮಾತ್ರೆಗಳಿವೆ, ಅಪ್ಪನಿಗೆ ಅವು ಬೇಕು. 27ಕ್ಕೆ ‘ಬರುತ್ತದೆ’ ಅಂತ ಗೊತ್ತಾದರೆ ಮುಂದಿನ ಹದಿನೈದು ಇಪ್ಪತ್ತು ವರ್ಷ ಕೈಯಿಂದ ಲೋಟ ಜಾರಿದಾಗಲೆಲ್ಲ ಇದೇ ಇರಬಹುದಾ ಅನ್ನಿಸುತ್ತದೆ. ಗೊತ್ತಿಲ್ಲದಿದ್ದರೂ ಅನ್ನಿಸುತ್ತದೆ, ಅದೂ ನಿಜ. ಮೇಲೆ ಹೇಳಿದ ನ್ಯಾನ್ಸಿ ವೆಕ್ಸ್‌ಲರ್ ಅವರ ತಾಯಿಗೂ ಇದೇ ರೋಗ ಇತ್ತು. ಟೆಸ್ಟ್ ಬರಲು ದಾರಿ ಮಾಡಿಕೊಟ್ಟ ಅವರೇ ತಾವು ಆ ಟೆಸ್ಟ್ ಮಾಡಿಸಲಿಲ್ಲ. ತಮಗೂ ರೋಗ ಬಂದಿದೆ ಅಂತ 2020ರಲ್ಲಿ ತಾವೇ ಹೇಳಿಕೊಂಡರು.

ಮಾಡಿಸುವುದಾದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗ ತಜ್ಞರನ್ನೂ ಕೌನ್ಸೆಲರನ್ನೂ ಕಂಡು ಮಾಡಿಸು. ಮೊದಲು ಮಾತು, ಆಮೇಲೆ ಯೋಚಿಸಲು ಟೈಮು, ಆಮೇಲೆ ರಕ್ತ. ರಿಪೋರ್ಟು ತೆಗೆದುಕೊಳ್ಳಲು ಒಬ್ಬನೇ ಹೋಗಬೇಡ. ಬೀಗರ ಕಡೆಯವರು ‘ಟೆಸ್ಟ್ ಮಾಡಿಸಿಕೊಂಡು ಬನ್ನಿ’ ಅಂದರು ಅಂತ ಮಾತ್ರ ಮಾಡಿಸಬೇಡ. ಆದರೆ ಅಪ್ಪನ ಕಾಯಿಲೆ ಇದು, ಮಕ್ಕಳಿಗೆ ಬರಬಹುದಾದದ್ದು ಅಂತ ಆ ಹುಡುಗಿಗೆ ಹೇಳು. ಟೆಸ್ಟ್ ನಿನ್ನದು, ಈ ಮಾತು ಅವಳಿಗೂ ಸೇರಿದ್ದು. ಮತ್ತೆ ಇನ್ನೊಂದು, ಕುಡಿದು ಬರ್ತಾನೆ ಅನ್ನುವವರಿಗೆ ರೋಗದ ಹೆಸರು ಹೇಳಿ ಬಾಯಿ ಮುಚ್ಚಿಸು. ಅಪ್ಪ ಅದನ್ನು ಹೊತ್ತುಕೊಂಡು ಓಡಾಡಬೇಕಿಲ್ಲ.

ಪ್ರಶ್ನೆ: ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ಹಲ್ಲು ಕಂದು ಬಣ್ಣ, ನಲವತ್ತು ದಾಟಿದವರಿಗೆ ಸೊಂಟ ಹಿಡಿದು ಬೆನ್ನು ಬಾಗುತ್ತದೆ. ಅತ್ತೆಗೆ ಇದೆ, ಯಜಮಾನರಿಗೆ ಶುರುವಾಗಿದೆ, ಈಗ ನನಗೂ ಸೊಂಟ ಬಗ್ಗುತ್ತಿಲ್ಲ. ನನ್ನ ಹಲ್ಲು ಮಾತ್ರ ಬೆಳ್ಳಗಿವೆ. ಮಕ್ಕಳ ಹಲ್ಲಿನ ಮೇಲೆ ಕಲೆ ಬಂದಿವೆ. ಇದು ಶಾಪ ಅಂತಾರೆ. ಜೀನ್ ಟೆಸ್ಟ್ ಮಾಡಿಸಬೇಕಾ?
ಹುನಗುಂದ ತಾಲೂಕಿನ ಗೃಹಿಣಿ

ಉತ್ತರ: ಬೇಡ. ಉತ್ತರವನ್ನು ನೀವೇ ಪತ್ರದಲ್ಲಿ ಬರೆದಿದ್ದೀರಿ. ನೀವು ಆ ಮನೆಗೆ ಸೊಸೆಯಾಗಿ ಬಂದವರು, ಅವರ ರಕ್ತ ನಿಮ್ಮದಲ್ಲ. ಆದರೂ ಸೊಂಟ ಹಿಡಿದಿದೆ. ಹಲ್ಲು ಮಾತ್ರ ಬೆಳ್ಳಗಿವೆ, ಯಾಕೆ? ಹಲ್ಲು ತಯಾರಾಗುವ ಎಂಟು ವರ್ಷದೊಳಗೆ ನೀವು ಕುಡಿದದ್ದು ತವರಿನ ನೀರು. ಆಮೇಲೆ ಕುಡಿದದ್ದು ಈ ಮನೆಯ ಬೋರಿನ ನೀರು. ಇಷ್ಟು ಚೆನ್ನಾಗಿ ಕಥೆ ಹೇಳುವ ಪತ್ರ ನನಗೆ ಅಪರೂಪಕ್ಕೆ ಬರುತ್ತದೆ.

ಇದು ಬಹುಮಟ್ಟಿಗೆ ಫ್ಲೋರೋಸಿಸ್. ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ನಿಮ್ಮ ಭಾಗದ ಬೋರ್‌ವೆಲ್‌ಗಳಲ್ಲಿ ಇದು ಹಳೇ ತಕರಾರು. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ನಡೆಯುತ್ತದೆ. ನೀರನ್ನು ಬಾಟಲಿಯಲ್ಲಿ ತುಂಬಿಸಿ ಪರೀಕ್ಷೆಗೆ ಕೊಡಿಸಿ, ಪಂಚಾಯಿತಿಯವರನ್ನು ಕೇಳಿದರೆ ಎಲ್ಲಿ ಅಂತ ಹೇಳುತ್ತಾರೆ. ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಮಕ್ಕಳಿಗೆ ಇವತ್ತಿನಿಂದಲೇ ಬೇರೆ ನೀರು ಕೊಡಿ, ಸಣ್ಣ ಮಗುವಿನ ಹಲ್ಲು ಇನ್ನೂ ಉಳಿಸಬಹುದು.

ಒಂದು ಮನೆಯಲ್ಲಿ ಎಲ್ಲರಿಗೂ ಬಂದದ್ದೆಲ್ಲ ರಕ್ತದಿಂದಲೇ ಬಂದದ್ದಲ್ಲ. ಉಲ್ಟಾ ತಪ್ಪೂ ಆಗಿದೆ. ಶಿವಮೊಗ್ಗ ಜಿಲ್ಲೆ ಸಾಗರ ತಾಲೂಕಿನ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಕೀಲು, ಸೊಂಟ ಹಿಡಿದು ಜನ ನೆಲ ಹಿಡಿದಾಗ, ಗದ್ದೆಯ ಏಡಿ ತಿಂದು ಕ್ರಿಮಿನಾಶಕ ಮೈಗೆ ಸೇರಿತು ಅನ್ನುವ ಮಾತೂ ಇತ್ತು. ಆಮೇಲೆ ಮನೆಮನೆಯ ವಂಶಾವಳಿ ಬರೆದು ನೋಡಿದಾಗ ಅದು ತಂದೆ ಅಥವಾ ತಾಯಿ ಒಬ್ಬರಿಂದಲೇ ಮಕ್ಕಳಿಗೆ ಇಳಿಯುವ ರೋಗ ಅಂತ ಕಂಡಿತು.

ಪ್ರಶ್ನೆ: ನಮ್ಮ ಅಣ್ಣ ಹಿರಿಯ ಅಕ್ಕನ ಮಗಳನ್ನೇ ಮಾಡಿಕೊಂಡಿದ್ದಾನೆ. ಅವರ ಮಗನಿಗೆ ಮೂರು ವರ್ಷ, ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ಈಗ ಅವ್ವ ಅದೇ ಅಕ್ಕನ ಎರಡನೇ ಮಗಳನ್ನು ನನಗೆ ತರಬೇಕು ಅಂತ ಹಟ ಹಿಡಿದಿದ್ದಾಳೆ, ಹೊಲ ಹೊರಗೆ ಹೋಗಬಾರದಂತೆ. ರಕ್ತದ ಗುಂಪು ನೋಡಿಸಿದೆವು, ಬೇರೆ ಬೇರೆ ಇವೆ. ಮದುವೆ ಆದರೆ ತೊಂದರೆ ಇಲ್ಲ ಅಲ್ವಾ?
ಇಂಡಿ

ಉತ್ತರ: ರಕ್ತದ ಗುಂಪಿಗೂ ಇದಕ್ಕೂ ಸಂಬಂಧವೇ ಇಲ್ಲ. ಈ ನಂಬಿಕೆ ಎಲ್ಲಿಂದ ಬಂತೋ ನನಗೆ ತಿಳಿಯದು, ವಾರಕ್ಕೊಬ್ಬರು ಕೇಳುತ್ತಾರೆ. ಗುಂಪು ಬೇರೆ ಇದ್ದರೂ ಸೋದರಮಾವ ಸೋದರಮಾವನೇ.

ಲೆಕ್ಕ ಹೀಗಿದೆ. ನಮ್ಮಲ್ಲಿ ಪ್ರತಿಯೊಬ್ಬರ ಒಳಗೂ ಸದ್ದಿಲ್ಲದೆ ಕೂತ ಕೆಲವು ಜೀನ್ ದೋಷಗಳಿರುತ್ತವೆ. ಜೋಡಿಯ ಇನ್ನೊಂದು ಪ್ರತಿ ಸರಿ ಇರುವುದರಿಂದ ಏನೂ ಆಗುವುದಿಲ್ಲ. ಗಂಡ ಹೆಂಡತಿ ಇಬ್ಬರಲ್ಲೂ ಅದೇ ದೋಷ ಇದ್ದಾಗ ಮಾತ್ರ ಪ್ರತಿ ಬಸಿರಿನಲ್ಲಿ 4ಕ್ಕೆ 1 ಸಾಧ್ಯತೆ. ಹೊರಗಿನವರನ್ನು ಮಾಡಿಕೊಂಡರೆ ಇಬ್ಬರದೂ ಒಂದೇ ದೋಷ ಆಗುವುದು ಅಪರೂಪ. ಅತ್ತೆ ಮಗಳು, ಮಾವನ ಮಗಳು ಅಂದರೆ ಜೀನುಗಳಲ್ಲಿ ಎಂಟರಲ್ಲೊಂದು ಪಾಲು ಒಂದೇ. ಅಕ್ಕನ ಮಗಳು ಅಂದರೆ ನಾಲ್ಕರಲ್ಲೊಂದು ಪಾಲು. ಸಂಬಂಧ ಇಲ್ಲದ ದಂಪತಿಗೆ ನೂರು ಮಕ್ಕಳಲ್ಲಿ ಎರಡು ಮೂರಕ್ಕೆ ಹುಟ್ಟಿನ ದೊಡ್ಡ ತೊಂದರೆ ಇರುತ್ತದೆ, ಅತ್ತೆ ಮಾವನ ಮಕ್ಕಳಲ್ಲಿ ಅದು ಸುಮಾರು ದುಪ್ಪಟ್ಟು, ಸೋದರಮಾವನಾದರೆ ಅದಕ್ಕಿಂತ ಜಾಸ್ತಿ. ಇದು ಸಾಮಾನ್ಯ ಮಾತು.

ನಿಮ್ಮದು ಸಾಮಾನ್ಯ ಅಲ್ಲ. ಮನೆಯಲ್ಲಿ ಈಗಾಗಲೇ ಒಂದು ಕೂಸು ಇದೆ. ಅದರ ಕಿವುಡು ಇಂಥ ಜೋಡಿ ದೋಷದಿಂದಲೇ ಬಂದಿದ್ದರೆ, ಅಣ್ಣ ವಾಹಕ, ಅತ್ತಿಗೆ ವಾಹಕ, ಅಂದರೆ ತಮಗೆ ರೋಗ ಇಲ್ಲದೆ ದೋಷ ಹೊತ್ತವರು. ಅಣ್ಣನಿಗೆ ಇದೆ ಅಂದರೆ ನಿಮಗಿರುವ ಸಾಧ್ಯತೆ ಅರ್ಧ. ಅತ್ತಿಗೆಗೆ ಇದೆ ಅಂದರೆ ಅವರ ತಂಗಿಗಿರುವುದೂ ಅರ್ಧ. ಅರ್ಧಕ್ಕೆ ಅರ್ಧ, ಅದಕ್ಕೆ ಕಾಲು, ಒಟ್ಟು 16ಕ್ಕೆ 1. ಟೆಸ್ಟ್ ಮಾಡಿಸದೆ ಮದುವೆಯಾದರೆ ಪ್ರತಿ ಬಸಿರಿನಲ್ಲೂ ಈ ಲೆಕ್ಕ. ಟೆಸ್ಟ್ ಮಾಡಿಸಿದರೆ ಇದು 4ಕ್ಕೆ 1 ಆಗುತ್ತದೆ, ಇಲ್ಲವೇ ಸೊನ್ನೆಯ ಹತ್ತಿರ ಬರುತ್ತದೆ.

ಮೊದಲು ಮಾಡಿಸಬೇಕಾದದ್ದು ನಿಮಗಲ್ಲ, ಆ ಕೂಸಿಗೆ. ಹುಟ್ಟುಕಿವುಡಿಗೆ ಕಾರಣವಾಗುವ ಜೀನುಗಳು ಬಹಳ, ಜಿಜೆಬಿ2 ಅನ್ನುವುದು ಅವುಗಳಲ್ಲಿ ಸಾಮಾನ್ಯವಾದದ್ದು. ಕೂಸಿನಲ್ಲಿ ದೋಷ ಎಲ್ಲಿದೆ ಅಂತ ಸಿಕ್ಕರೆ ನಿಮ್ಮಿಬ್ಬರಲ್ಲಿ ಅದೊಂದೇ ಜಾಗ ನೋಡಿದರೆ ಮುಗಿಯಿತು. ಅದು ಸಿಗದೆ ನಿಮ್ಮ ರಕ್ತ ತೆಗೆದರೆ ಕತ್ತಲಲ್ಲಿ ಸೂಜಿ ಹುಡುಕಿದ ಹಾಗೆ. ಕೂಸಿಗೆ ಕಾಕ್ಲಿಯರ್ ಇಂಪ್ಲಾಂಟ್, ಅಂದರೆ ಆಪರೇಷನ್ ಮಾಡಿ ಕಿವಿಯೊಳಗೆ ಕೂರಿಸುವ ಯಂತ್ರದ ಬಗ್ಗೆ ಕೇಳಿದ್ದೀರಾ? ಮೂರು ವರ್ಷ ಆಗಲೇ ತಡ, ಇನ್ನೂ ತಡ ಮಾಡಬೇಡಿ. ಜೀನಿನ ಚರ್ಚೆ ಹಿಂದೆ ಬರಲಿ, ಇದು ಮುಂದೆ.

ಸಂಬಂಧದಲ್ಲಿ ಮದುವೆ ದೇಶದಲ್ಲೇ ಜಾಸ್ತಿ ಇರುವ ರಾಜ್ಯಗಳಲ್ಲಿ ನಮ್ಮದೂ ಒಂದು, ನಮ್ಮ ಮನೆಯಲ್ಲೂ ಆಗಿವೆ, ಆದ್ದರಿಂದ ಅವ್ವನನ್ನು ಬೈಯುವ ಬಾಯಿ ನನಗಿಲ್ಲ. ಸಂಬಂಧ ಬಿಟ್ಟು ಜಾತಿಯೊಳಗೇ ಹುಡುಕುತ್ತೇವೆ ಅಂದರೂ ಪೂರ್ತಿ ಪಾರಾದಂತಲ್ಲ. 2017ರಲ್ಲಿ ದಕ್ಷಿಣ ಏಷ್ಯಾದ 263 ಸಮುದಾಯಗಳ ಜೀನುಗಳನ್ನು ನೋಡಿದ ಅಧ್ಯಯನದಲ್ಲಿ, 81 ಸಮುದಾಯಗಳು ಕೆಲವೇ ಪೂರ್ವಜರಿಂದ ಬೆಳೆದು, ಒಳಗೊಳಗೇ ಮದುವೆಯಾಗುತ್ತ ಬಂದ ಗುರುತು, ಅದಕ್ಕೇ ಹೆಸರಾದ ಫಿನ್‌ಲೆಂಡಿನ ಜನಕ್ಕಿಂತ ಗಟ್ಟಿಯಾಗಿ ಕಂಡಿತು. ಸಾವಿರಾರು ವರ್ಷದ ಬೇಲಿ ರಕ್ತದಲ್ಲೂ ಬರೆದುಕೊಂಡಿದೆ.

ಒಂದು ಮಾತು ಕೇಳಲೇ? ಆ ಹುಡುಗಿಯನ್ನು ಯಾರಾದರೂ ಕೇಳಿದಿರಾ? ನಿಮ್ಮ ಪತ್ರದಲ್ಲಿ ಹೊಲದ ಸರ್ವೆ ನಂಬರ್ ಇದೆ, ಅವಳ ವಯಸ್ಸಿಲ್ಲ.

ಪ್ರಶ್ನೆ: ಆನ್‌ಲೈನಿನಲ್ಲಿ ಎಂಜಲಿನ ಕಿಟ್ ತರಿಸಿ ಕಳಿಸಿದೆ. 60 ಪುಟದ ರಿಪೋರ್ಟ್ ಬಂದಿದೆ. ಡಯಾಬಿಟಿಸ್ ‘ಕಡಿಮೆ ರಿಸ್ಕ್’, ಹೃದಯಕ್ಕೆ ‘ಎಂವೈಬಿಪಿಸಿ3 ಡಿಲೀಷನ್, ಹೆಚ್ಚು ರಿಸ್ಕ್’ ಅಂತಿದೆ. ಖಾಲಿ ಹೊಟ್ಟೆ ಶುಗರ್ 138 ಇದೆ. ಯಾವುದನ್ನು ನಂಬಲಿ? ನಮ್ಮದು ಕರದಂಟಿನ ಅಂಗಡಿ.
ಗೋಕಾಕ

ಉತ್ತರ: ಶುಗರ್ ನಂಬಿ! ಖಾಲಿ ಹೊಟ್ಟೆಯಲ್ಲಿ 126 ಮತ್ತು ಮೇಲೆ ಎರಡು ಸಲ ಬಂದರೆ ಅದು ಸಕ್ಕರೆ ಕಾಯಿಲೆಯೇ. ನಾಳೆ ಬೆಳಗ್ಗೆ ಇನ್ನೊಮ್ಮೆ ನೋಡಿಸಿ, ಕರದಂಟು ಗಿರಾಕಿಗಳಿಗೆ ಬಿಡಿ.

ಡಯಾಬಿಟಿಸ್ ಒಂದು ಜೀನಿನ ಆಟ ಅಲ್ಲ. 2006ರಲ್ಲಿ ಸಿಕ್ಕ ಟಿಸಿಎಫ್7ಎಲ್2 ಅನ್ನುವುದು ಆ ಸಾಲಿನಲ್ಲಿ ಗಟ್ಟಿಯಾದದ್ದು, ಅದರ ಒಂದು ಪ್ರತಿ ಇದ್ದರೆ ಅಪಾಯ ಸುಮಾರು 1.4 ಪಟ್ಟು, ಅಷ್ಟೇ. ಇಂಥ ನೂರಾರು ಸಣ್ಣ ಗುರುತುಗಳನ್ನು ಕೂಡಿಸಿ ಕಿಟ್‌ನವರು ಒಂದು ಅಂಕಿ ಮಾಡುತ್ತಾರೆ. ಆ ಗುರುತುಗಳ ತೂಕ ಹಾಕಿದ್ದು ಹೆಚ್ಚಾಗಿ ಯುರೋಪಿನ ಜನರ ಮೇಲೆ. ಅವರ ಜಾತ್ರೆಯ ರುಮಾಲು ನಮ್ಮ ಜಾತ್ರೆಯಲ್ಲಿ ಅದೇ ಕಾಕಾನ ಪಕ್ಕ ಇರುತ್ತದೆ ಅಂತ ಏನು ಗ್ಯಾರಂಟಿ? ನಮ್ಮವರ ಜೀನುಗಳದೇ ದಾಖಲೆ ಬೇಕು ಅಂತ ಜೀನೋಮ್ ಇಂಡಿಯಾ ಯೋಜನೆಯಲ್ಲಿ ಸುಮಾರು 10,000 ಜನರ ಜೀನೋಮ್ ಓದಿದ್ದಾರೆ, ಅದು ಸಂಶೋಧಕರ ಕೈಗೆ ಸಿಕ್ಕಿದ್ದು 2025ರಲ್ಲಿ. ನಿಮ್ಮ ಅಪ್ಪ ಅವ್ವನಿಗೆ ಶುಗರ್ ಇತ್ತಾ, ನಿಮ್ಮ ಹೊಟ್ಟೆಯ ಸುತ್ತಳತೆ ಎಷ್ಟು, ಇವೆರಡು ಪ್ರಶ್ನೆ ಆ ಅಂಕಿಗಿಂತ ಜಾಸ್ತಿ ಹೇಳುತ್ತವೆ, ಪುಕ್ಕಟೆ ಬೇರೆ.

ಇನ್ನು ಹೃದಯದ ಡಿಲೀಷನ್. ಆ ಜೀನಿನಲ್ಲಿ 25 ಅಕ್ಷರ ಬಿಟ್ಟು ಹೋಗಿರುತ್ತವೆ, ನಮ್ಮ ದೇಶದಲ್ಲಿ ನೂರಕ್ಕೆ ನಾಲ್ಕು ಜನರಲ್ಲಿ ಇದೆ. 2009ರಲ್ಲಿ ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳೂ ಇದ್ದ ತಂಡ ಇದರಿಂದ ಹೃದಯ ಸೋಲುವ ಅಪಾಯ ಹಲವು ಪಟ್ಟು ಏರುತ್ತದೆ ಅಂದಿತು. 2018ರಲ್ಲಿ ಇನ್ನೊಂದು ಅಧ್ಯಯನ ಬಂತು. ಈ ಡಿಲೀಷನ್ ಇದ್ದವರಲ್ಲಿ ಕೆಲವರಿಗೆ ಅದೇ ಜೀನಿನಲ್ಲಿ ಮತ್ತೊಂದು ಬದಲಾವಣೆಯೂ ಇರುತ್ತದೆ, ಹೃದಯದಲ್ಲಿ ಏರುಪೇರು ಕಂಡದ್ದು ಅವರಲ್ಲಿ. ಮತ್ತೆ ಅದೇ ರುಮಾಲಿನ ಕಥೆ ನೋಡಿ. ನೀವು ಹೃದಯದ ಒಂದು ಎಕೋ ಸ್ಕ್ಯಾನ್ ಮಾಡಿಸಿ, ಬಿ.ಪಿ. ನೋಡಿಸಿಕೊಳ್ಳಿ. ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ತಟ್ಟನೆ ತೀರಿಕೊಂಡಿದ್ದರೆ ಹೃದಯ ತಜ್ಞರಿಗೆ ಅದನ್ನು ಮರೆಯದೆ ಹೇಳಿ. 60 ಪುಟ ಮನೆಯಲ್ಲೇ ಇರಲಿ.

ಪ್ರಶ್ನೆ: ಅವ್ವ 41ಕ್ಕೆ ಸ್ತನ ಕ್ಯಾನ್ಸರಿನಿಂದ ಹೋದಳು. ಮಾವಶಿಗೆ 50ಕ್ಕೆ ಅಂಡಾಶಯದ ಕ್ಯಾನ್ಸರ್, ಈಗ ಕೀಮೋ ನಡೆಯುತ್ತಿದೆ. ನನಗೆ 34. ಲ್ಯಾಬಿನವರು ನೀವು ಬಿಆರ್‌ಸಿಎ ಟೆಸ್ಟ್ ಮಾಡಿಸಿ ಅಂತ ದಿನಾ ಫೋನ್ ಮಾಡುತ್ತಿದ್ದಾರೆ. ಮಾಡಿಸಿಬಿಡಲಾ?
ಬೈಲಹೊಂಗಲ

ಉತ್ತರ: ಬಿಆರ್‌ಸಿಎ ಅಂದರೆ ಕೆಟ್ಟರೆ ಸ್ತನ, ಅಂಡಾಶಯದ ಕ್ಯಾನ್ಸರಿಗೆ ದಾರಿ ಮಾಡುವ ಜೀನ್. ಮಾಡಿಸಿ, ಆದರೆ ನೀವು ಎರಡನೆಯವರು. ಮೊದಲು ಮಾವಶಿ.

ಯಾಕೆ ಅಂದರೆ, ನಿಮ್ಮ ರಕ್ತ ಮೊದಲು ನೋಡಿ ‘ಏನೂ ಇಲ್ಲ’ ಅಂತ ಬಂತು ಅಂತಿಟ್ಟುಕೊಳ್ಳಿ. ಅದರ ಅರ್ಥ ಏನು? ಮನೆಯಲ್ಲಿದ್ದ ದೋಷ ನಿಮಗೆ ಬಂದಿಲ್ಲ ಅಂತಲಾ, ಮನೆಯ ದೋಷ ಆ ಟೆಸ್ಟ್ ನೋಡದ ಜಾಗದಲ್ಲಿದೆ ಅಂತಲಾ, ಅಥವಾ ಇದು ಜೀನಿನ ಮಾತೇ ಅಲ್ಲ ಅಂತಲಾ? ಮೂರೂ ಇರಬಹುದು. ಮಾವಶಿಯ ರಕ್ತದಲ್ಲಿ ದೋಷ ಸಿಕ್ಕರೆ, ಆಮೇಲೆ ನಿಮ್ಮಲ್ಲಿ ಅದೊಂದನ್ನೇ ಹುಡುಕುತ್ತಾರೆ. ಖರ್ಚೂ ಕಡಿಮೆ, ಉತ್ತರವೂ ಹೌದು ಅಥವಾ ಇಲ್ಲ. ಮಾವಶಿಗೂ ಲಾಭ ಇದೆ. ಬಿಆರ್‌ಸಿಎ ದೋಷ ಇದ್ದರೆ ಅವರ ಕ್ಯಾನ್ಸರಿಗೆ ಬೇರೆ ಬಗೆಯ ಮಾತ್ರೆ ಕೊಡಲು ಬರುತ್ತದೆ, ಅವರ ಡಾಕ್ಟರನ್ನು ಕೇಳಿ. ಅವರು ಇದ್ದಾಗಲೇ ಇದು ಆಗಬೇಕು, ಹೇಳಲು ಕಹಿ, ಆದರೆ ಹೇಳಲೇಬೇಕು.

ಈ ಜೀನಿನ ಜಾಡು ಸಿಕ್ಕಿದ್ದೂ ಮಾರ್ಕರಿನಿಂದಲೇ. 1990ರಲ್ಲಿ ಮೇರಿ-ಕ್ಲೇರ್ ಕಿಂಗ್ ಅವರು, ಚಿಕ್ಕ ವಯಸ್ಸಿಗೇ ಸ್ತನ ಕ್ಯಾನ್ಸರ್ ಬರುತ್ತಿದ್ದ ಮನೆತನಗಳಲ್ಲಿ 17ನೇ ಕ್ರೋಮೋಸೋಮಿನ ಒಂದು ಗುರುತು ರೋಗದ ಜೊತೆಗೇ ಇಳಿದು ಬರುತ್ತಿದೆ ಅಂತ ತೋರಿಸಿದರು. ಬಿಆರ್‌ಸಿಎ1 ಕೈಗೆ ಸಿಕ್ಕಿದ್ದು 1994ರಲ್ಲಿ, ಬಿಆರ್‌ಸಿಎ2 ಮರುವರ್ಷ. ಒಂದನೆಯದರಲ್ಲಿ ದೋಷ ಇದ್ದರೆ 80 ವರ್ಷದೊಳಗೆ ಸ್ತನ ಕ್ಯಾನ್ಸರ್ ಬರುವ ಸಾಧ್ಯತೆ ನೂರಕ್ಕೆ ಸುಮಾರು 72, ಅಂಡಾಶಯದ್ದು 44. ಎರಡನೆಯದರಲ್ಲಿ 69 ಮತ್ತು 17. ಎಲ್ಲ ಸ್ತನ ಕ್ಯಾನ್ಸರಿನಲ್ಲಿ ಹೀಗೆ ವಂಶದಿಂದ ಬರುವುದು ನೂರಕ್ಕೆ ಐದರಿಂದ ಹತ್ತು ಮಾತ್ರ, ಆದರೆ ನಿಮ್ಮ ಮನೆಯ ಚಿತ್ರ ಅನುಮಾನ ಪಡುವಂಥದ್ದೇ.

ಇಲ್ಲಿ ಗೊತ್ತಾದರೆ ಮಾಡಲು ಕೆಲಸ ಉಂಟು, ಮುಧೋಳದ ತಮ್ಮನಿಗೆ ಇಲ್ಲದ ಅನುಕೂಲ ಇದು. ವರ್ಷಕ್ಕೊಮ್ಮೆ ಎಂಆರ್‌ಐ, ಮ್ಯಾಮೊಗ್ರಾಂ. ಮಕ್ಕಳು ಸಾಕು ಅಂದ ಮೇಲೆ ಅಂಡಾಶಯ ತೆಗೆಸುವುದು. ಬೇಕು ಅಂದವರು ಸ್ತನವನ್ನೂ ತೆಗೆಸುತ್ತಾರೆ, ಅದು ಪೂರ್ತಿ ನಿಮ್ಮ ಇಷ್ಟ. ರಿಪೋರ್ಟಿನಲ್ಲಿ ‘ಅರ್ಥ ಸ್ಪಷ್ಟವಿಲ್ಲದ ಬದಲಾವಣೆ’ ಅಂತ ಬಂದರೆ ಅದನ್ನು ದೋಷ ಅಂತ ಓದಿ ಆಪರೇಷನ್‌ಗೆ ಓಡಬೇಡಿ. ಅಣ್ಣ ತಮ್ಮಂದಿರಿಗೂ ಹೇಳಿ. ಗಂಡಸರೂ ಇದನ್ನು ಹೊತ್ತು ಮಗಳಿಗೆ ದಾಟಿಸುತ್ತಾರೆ. ಫೋನ್ ಮಾಡುವ ಲ್ಯಾಬಿನವರಿಗೆ ‘ಮೊದಲು ಯಾರದು ನೋಡಬೇಕು’ ಅಂತ ಕೇಳಿ ನೋಡಿ. ‘ನಿಮ್ಮದೇ’ ಅಂದರೆ ಫೋನ್ ಇಟ್ಟುಬಿಡಿ.

ಪ್ರಶ್ನೆ: ಅಕ್ಕನ ಮಗ ಆರು ವರ್ಷದವನು. ಕೂತವನು ಏಳುವಾಗ ತನ್ನ ತೊಡೆಯ ಮೇಲೆ ತಾನೇ ಕೈ ಊರಿ ಏಳುತ್ತಾನೆ. ಎರಡು ವರ್ಷ ಲಿವರ್ ತೊಂದರೆ ಅಂತ ಔಷಧಿ ಕುಡಿಸಿದರು, ಈಗ ಡುಶೆನ್ ಅಂತ ಗೊತ್ತಾಗಿದೆ. ನನಗೆ 23, ಮದುವೆ ಗೊತ್ತಾಗಿದೆ. ನನ್ನ ಮಕ್ಕಳಿಗೂ ಬರುತ್ತಾ? ನಮ್ಮ ವಂಶದಲ್ಲಿ ಯಾರಿಗೂ ಇಲ್ಲ ಅಂತ ಅಪ್ಪ ಅಂತಾರೆ.
ಸಿಂದಗಿ

ಉತ್ತರ: ಲಿವರ್ ಔಷಧಿ ಕುಡಿಸಿದ್ದು ಕೇಳಿ ಸಿಟ್ಟು ಬಂತು, ಆದರೆ ಹೊಸದೇನಲ್ಲ. ಡುಶೆನ್ ಅಂದರೆ ಸ್ನಾಯು ಸವೆಯುವ ರೋಗ. ಸ್ನಾಯು ಸವೆಯುವಾಗ ರಕ್ತದಲ್ಲಿ ಎಸ್‌ಜಿಒಟಿ, ಎಸ್‌ಜಿಪಿಟಿ ಅನ್ನುವ ಅಂಕಿಗಳು ಏರುತ್ತವೆ, ಅದನ್ನು ಲಿವರಿನದು ಅಂದುಕೊಳ್ಳುತ್ತಾರೆ. ಸಿಪಿಕೆ ಅನ್ನುವ ಒಂದು ಸಾದಾ ರಕ್ತ ಪರೀಕ್ಷೆ ಮಾಡಿಸಿದ್ದರೆ ಸಾವಿರಗಟ್ಟಲೆ ಬರುತ್ತಿತ್ತು, ಅಲ್ಲಿಗೇ ಗೊತ್ತಾಗುತ್ತಿತ್ತು. ಇದನ್ನು ಓದುವ ತಾಯಂದಿರೇ, ಗಂಡು ಮಗು ನೆಲದಿಂದ ಏಳಲು ತನ್ನ ಮೈಯನ್ನೇ ಮೆಟ್ಟಿಲು ಮಾಡಿಕೊಂಡು ಹತ್ತುತ್ತಿದ್ದರೆ, ಮೀನಖಂಡ ದಪ್ಪ ಇದ್ದರೆ, ಸಿಪಿಕೆ ಕೇಳಿ ಮಾಡಿಸಿ.

ಈಗ ನಿಮ್ಮ ಅಪ್ಪನ ಮಾತು. ನಮ್ಮ ಕಡೆ ಹೆಳವರು ಎತ್ತಿನ ಮೇಲೆ ಬಂದು, ಅಂಗಳದಲ್ಲಿ ಕೂತು, ಹೊತ್ತಿಗೆ ಬಿಚ್ಚಿ ಮನೆತನ ಹೇಳುತ್ತಾರಲ್ಲ, ನನ್ನ ತವರಿಗೂ ಬರುತ್ತಿದ್ದರು. ಮುತ್ಯಾನ ಮುತ್ಯಾನ ಹೆಸರು ತಪ್ಪದೆ ಹೇಳುವವರು. ಆದರೆ ಕೇಳಿಸಿಕೊಂಡದ್ದು ಬರೀ ಗಂಡಸರ ಸಾಲು. ಹೆಣ್ಣುಮಕ್ಕಳು ಕೊಟ್ಟ ಮನೆಗೆ ಹೋದ ಮೇಲೆ ಆ ಹೊತ್ತಿಗೆಯಿಂದಲೂ ಹೋದರು. ಡುಶೆನ್ ಸರಿಯಾಗಿ ಆ ದಾರಿಯಲ್ಲೇ ಬರುತ್ತದೆ. ಜೀನ್ ಇರುವುದು ಎಕ್ಸ್ ಕ್ರೋಮೋಸೋಮಿನ ಮೇಲೆ. ಹೆಣ್ಣಿಗೆ ಎಕ್ಸ್ ಎರಡು, ಒಂದು ಕೆಟ್ಟರೂ ಇನ್ನೊಂದು ಕಾಯುತ್ತದೆ. ಗಂಡಿಗೆ ಒಂದೇ. ಆದ್ದರಿಂದ ಅಪ್ಪನ ವಂಶ ಬಿಡಿ, ಅವ್ವನ ಅಣ್ಣತಮ್ಮಂದಿರು, ಆಯಿಯ ಅಣ್ಣತಮ್ಮಂದಿರು, ಮಾವಶಿಯ ಮಕ್ಕಳು, ಇವರಲ್ಲಿ ಹತ್ತು ಹನ್ನೆರಡು ವರ್ಷಕ್ಕೆ ನಡಿಗೆ ನಿಂತು, ಇಪ್ಪತ್ತರ ಆಸುಪಾಸು ಹೋದವರು ಯಾರಾದರೂ ಇದ್ದರಾ ಕೇಳಿ. ಪೋಲಿಯೊ ಅಂತ ಹೇಳಿರುತ್ತಾರೆ.

ಟೆಸ್ಟಿನ ಸಾಲು ಹೀಗೆ: ಮೊದಲು ಹುಡುಗ, ಆಮೇಲೆ ಅಕ್ಕ, ಅಕ್ಕನಲ್ಲಿ ಸಿಕ್ಕರೆ ಮಾತ್ರ ನೀವು. ಇಂಥ ಹುಡುಗರಲ್ಲಿ ಸುಮಾರು ಮೂವರಲ್ಲಿ ಒಬ್ಬನದು ಅವನಲ್ಲೇ ಹೊಸದಾಗಿ ಆದ ದೋಷ. ಅಕ್ಕನ ರಕ್ತದಲ್ಲಿ ಇಲ್ಲ ಅಂತ ಬಂದರೆ ನಿಮಗೆ ಭಯ ಬೇಡ, ಉಳಿದ ಹೆಣ್ಣುಮಕ್ಕಳಿಗಿರುವಷ್ಟೇ ಅಪಾಯ ನಿಮಗೂ. ಅಕ್ಕ ಮಾತ್ರ ಮುಂದಿನ ಬಸಿರಿನಲ್ಲಿ ಪರೀಕ್ಷೆ ಮಾಡಿಸಬೇಕು, ರಕ್ತದಲ್ಲಿ ಕಾಣದ ದೋಷ ಕೆಲವು ಅಂಡಾಣುಗಳಲ್ಲಿ ಅಡಗಿರಬಹುದು. ನೀವು ವಾಹಕ ಅಂತಲೇ ಬಂದರೂ ಮದುವೆ ನಿಲ್ಲಿಸಬೇಕಿಲ್ಲ. ಬಸಿರಿನ 11 ವಾರದ ನಂತರ ಮಾಸಿನ ಚೂರು ತೆಗೆದು ಮಗುವಿಗೆ ಆ ದೋಷ ಇದೆಯೋ ನೋಡುತ್ತಾರೆ. ನೋಡುವುದು ದೋಷವನ್ನು. ಗಂಡೋ ಹೆಣ್ಣೋ ಅಂತ ಹೇಳುವುದು 1994ರ ಕಾಯ್ದೆ ಪ್ರಕಾರ ಅಪರಾಧ, ಕೇಳುವುದೂ ಅಪರಾಧ. ಬೆಂಗಳೂರಿನ ನಿಮ್ಹಾನ್ಸ್ ಅಥವಾ ಹೈದರಾಬಾದಿನ ಸಿಡಿಎಫ್‌ಡಿ ಅನ್ನುವ ಡಿಎನ್‌ಎ ಪರೀಕ್ಷಾ ಕೇಂದ್ರದಲ್ಲಿ ವಿಚಾರಿಸಿ, ನಿಮಗೆ ವಿಜಯಪುರದಿಂದ ಹೈದರಾಬಾದೇ ಹತ್ತಿರ ಆದೀತು. ಹುಡುಗನಿಗೆ ಸ್ಟಿರಾಯ್ಡ್ ಶುರು ಮಾಡುವ ಬಗ್ಗೆ ಈಗಲೇ ಕೇಳಿ, ನಡಿಗೆ ಇನ್ನಷ್ಟು ವರ್ಷ ಉಳಿಯುತ್ತದೆ.

ಕೊನೆಗೆ, ರಿಪೋರ್ಟ್ ಯಾರ ಮುಂದೆ ಓದಿಸುತ್ತೀರಿ ಅನ್ನುವುದು. ಇದು ನಾನೇ ಮಾಡಿದ ತಪ್ಪಿನಿಂದ ಹೇಳುತ್ತಿದ್ದೇನೆ. ವರ್ಷಗಳ ಹಿಂದೆ ಒಬ್ಬ ತಾಯಿಗೆ, ಅತ್ತೆ ಪಕ್ಕದ ಕುರ್ಚಿಯಲ್ಲಿ ಕೂತಿದ್ದಾಗಲೇ, ‘ನೀವು ವಾಹಕ’ ಅಂತ ಹೇಳಿಬಿಟ್ಟೆ. ಅತ್ತೆ ಒಂದು ಮಾತೂ ಆಡಲಿಲ್ಲ. ಎದ್ದು, ಸೊಸೆಯ ತೊಡೆಯ ಮೇಲಿದ್ದ ಮೊಮ್ಮಗನನ್ನು ಎತ್ತಿಕೊಂಡು ಹೊರಗೆ ಹೋದರು. ಆ ಹೆಣ್ಣುಮಗಳು ಎರಡನೇ ಸಲ ನನ್ನ ಹತ್ತಿರ ಬರಲಿಲ್ಲ. ಅಂದಿನಿಂದ ನಾನು ಮೊದಲು ಬಾಗಿಲು ಹಾಕಿ, ಯಾರು ಒಳಗಿರಬೇಕು ಅಂತ ಕೇಳುತ್ತೇನೆ.

ಪ್ರಶ್ನೆ: ಹುಡುಗನ ತಾಯಿಗೆ ತೊನ್ನು ಇದೆ. ಸಂಬಂಧ ಬಿಡಬೇಕಾ?
ಅಥಣಿ

ಉತ್ತರ: ಬೇಡ. ತೊನ್ನು ಅಂಟುರೋಗ ಅಲ್ಲ, ಒಂದೇ ಜೀನಿನಿಂದ ಇಳಿಯುವುದೂ ಅಲ್ಲ. ತಾಯಿಗಿದ್ದರೂ ಮಕ್ಕಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜನಕ್ಕೆ ಬರುವುದಿಲ್ಲ. ಹುಡುಗ ದುಡಿಯುತ್ತಾನಾ, ಕುಡಿಯುತ್ತಾನಾ ಅಂತ ನೋಡಿ.

ಚಿಕ್ಕೋಡಿಯಿಂದ ಥಲಸ್ಸೀಮಿಯಾ (ವಂಶದಿಂದ ಬರುವ ರಕ್ತದ ರೋಗ) ಬಗ್ಗೆ ಬರೆದ ತಾಯಿಗೆ: ನೀವು ಕಳಿಸಿದ ಲಕೋಟೆಯಲ್ಲಿ ಮಗುವಿನ ರಿಪೋರ್ಟಿನ ಎರಡನೇ ಪುಟ ಇರಲಿಲ್ಲ. ಎಚ್‌ಬಿಎ2 (ಒಂದು ಬಗೆಯ ಹಿಮೋಗ್ಲೋಬಿನ್) ಅನ್ನುವ ಅಂಕಿ ಆ ಪುಟದಲ್ಲೇ ಇರುತ್ತದೆ, ನೂರಕ್ಕೆ 3.5ಕ್ಕಿಂತ ಮೇಲಿದೆಯೇ ಅಂತ ನೋಡಬೇಕು. ಗಂಡನ ರಿಪೋರ್ಟನ್ನೂ ಜೊತೆಗಿಟ್ಟು ಇನ್ನೊಮ್ಮೆ ಕಳಿಸಿ. ಕಾಯುತ್ತಿದ್ದೇನೆ.